ನನ್ನ ಅಜ್ಜಿ ಬ್ಯಾಂಕಿಗೆ ಕೊಟ್ಟ ಮುಂಗಡ

ಒಂದು ಬ್ಯಾಂಕು ನನಗೆ ನಾನೂರ ಹದಿನೇಳು ರೂಪಾಯಿ ಕೊಡಬೇಕಿದೆ. ಓದುವವರು ದಯವಿಟ್ಟು ಈ ವಾಕ್ಯವನ್ನು ಇನ್ನೊಮ್ಮೆ, ಸ್ವಲ್ಪ ಎದೆಯುಬ್ಬಿಸಿಕೊಂಡು ಓದಬೇಕು. ನಾನು ಬ್ಯಾಂಕಿಗೆ ಅಲ್ಲ, ಬ್ಯಾಂಕು ನನಗೆ! ಇವತ್ತು ಬೆಳಿಗ್ಗೆ ಮಸ್ಕಿ ಬಸ್ ನಿಲ್ದಾಣದಲ್ಲಿ ಲಿಂಗಸುಗೂರು ಬಸ್ಸಿಗೆ ಕಾಯುತ್ತಾ ಮೊಬೈಲು ತೆಗೆದರೆ ಕ್ರೆಡಿಟ್ ಕಾರ್ಡಿನ ತಿಂಗಳ ಲೆಕ್ಕ ಬಂದು ಕೂತಿತ್ತು. ಕಟ್ಟಬೇಕಾದ ಮೊತ್ತದ ಜಾಗದಲ್ಲಿ ನಾನೂರ ಹದಿನೇಳು. ಅದರ ಎಡಕ್ಕೆ ಇರುವೆಯ ಕಾಲಿನಷ್ಟು ಉದ್ದದ ಒಂದು ಅಡ್ಡಗೆರೆ. ಮೈನಸ್.

ಈ ಗೆರೆಯನ್ನು ಮೊಟ್ಟಮೊದಲು ನೋಡಿದ ದಿನ ನನ್ನ ಅರ್ಧ ಜೀವ ಹೋಗಿತ್ತು. ಮೈನಸ್ ಎಂದರೆ ಏನೋ ಕಡಿಮೆ ಬಿದ್ದಿದೆ, ದಂಡ ಹಾಕಿದ್ದಾರೆ ಎಂದುಕೊಂಡು ಬಾಲ್ಯದ ಗೆಳೆಯ ಮೌಲಾನ ಮೊಬೈಲ್ ರಿಪೇರಿ ಅಂಗಡಿಗೆ ಓಡಿದ್ದೆ. ಮೌಲಾ ಯಾರದೋ ಫೋನಿನ ಹೊಟ್ಟೆ ಬಗೆದು ಕೂತಿದ್ದ. ತಲೆ ಎತ್ತದೆ ನನ್ನ ಮೊಬೈಲು ಇಸಿದುಕೊಂಡು ನೋಡಿದ.

"ಲೇ ಶರಣ್ಯಾ, ನೀ ಜಾಸ್ತಿ ಕಟ್ಟೀದಿ. ಬ್ಯಾಂಕ್ನವರೇ ನಿನಗ ಕೊಡಬೇಕು."

"ನನಗ? ಬ್ಯಾಂಕ್ನವರು?"

"ನಿನಗಾ. ಅವರ ತಲಿ ಕೆಟ್ಟೈತೋ ನಿನ್ನ ತಲಿ ಕೆಟ್ಟೈತೋ, ನೋಡಕೋ."

ಅವತ್ತು ಆ ಅಂಗಡಿಯಲ್ಲಿ ಕೂತಿದ್ದವರಿಗೆಲ್ಲ ನಾನು ಚಹಾ ಕುಡಿಸಿದೆ. ಬ್ಯಾಂಕು ನನಗೆ ಕೊಡಬೇಕಿದ್ದುದರ ಅರ್ಧ ಆ ಸಂಭ್ರಮದಲ್ಲೇ ಖರ್ಚಾಯಿತು.

ನನ್ನ ಪರಿಚಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ನಂಬಿಕೆಯಾಗುವುದಿಲ್ಲ. ಲಿಂಗಸುಗೂರಿನ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುವುದು ನನ್ನ ನೌಕರಿ. ಕಸುಬು ಬೇರೆ: ಮಂದಿಯ ದನಿ ಕದಿಯುವುದು. ನಮ್ಮ ಹೆಡ್‌ಮಾಸ್ತರರು ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವುದು ಚಳಿಗಾಲದಲ್ಲಿ ಟ್ರ್ಯಾಕ್ಟರು ಚಾಲೂ ಮಾಡಿದ ಹಾಗಿರುತ್ತದೆ. ಅದನ್ನು ನಾನು ಅವರಿಗಿಂತ ಚೆನ್ನಾಗಿ ಮಾಡುತ್ತೇನೆ. ಒಮ್ಮೆ ಕಾರಿಡಾರಿನಲ್ಲಿ ಮಾಡಿದ್ದಕ್ಕೆ ಮೂರು ತರಗತಿಗಳು ಒಟ್ಟಿಗೆ ಎದ್ದು ನಿಂತವು. ಹೆಡ್‌ಮಾಸ್ತರರೂ ತಮ್ಮ ಕೋಣೆಯಲ್ಲಿ ಎದ್ದು ನಿಂತರಂತೆ. ನನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಿ ಕೊಡಬೇಕಾಗುತ್ತದೆ.

ಈ ಕಸುಬಿನ ಮೊದಲ ಬಲಿ ನನ್ನ ಅಜ್ಜಿ ಈರಮ್ಮ. ನಮ್ಮ ಕಡೆ ಹೆತ್ತವಳು ಅವ್ವ, ಅಜ್ಜಿ ಎಂದರೆ ಅಮ್ಮ. ನಿಮಗೆ ಗೊಂದಲ ಬೇಡವೆಂದು ಬರೆಯುವಾಗ ಅಜ್ಜಿ ಎನ್ನುತ್ತೇನೆ.

ಅಜ್ಜಿಗೆ ಒಂದು ಚಟವಿದೆ. ಎಲೆ ಅಡಿಕೆಯದಲ್ಲ, ಅದು ಬೇರೆ ಇದೆ. ಇದು ಮುಂಗಡದ ಚಟ. ಹಿಟ್ಟಿನ ಗಿರಣಿಯವನಿಗೆ ಈ ವಾರದ ಜೋಳ ಬೀಸಿದ್ದಕ್ಕೆ ದುಡ್ಡು ಕೊಡುವಾಗಲೇ ಬರುವ ವಾರದ್ದನ್ನೂ ಕೊಟ್ಟು ಬರುತ್ತಾಳೆ. ಬಳೆಗಾರನ ಹತ್ತಿರ ಇನ್ನೂ ಒಡೆಯದ ಬಳೆಗಳ ದುಡ್ಡು ಇರುತ್ತದೆ. ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಆಕೆಯ ಎರಡು ಕಪ್ ಚಹಾ ಯಾವಾಗಲೂ ಜಮಾ. ಊರ ಮಂದಿ ಅಂಗಡಿಗೆ ಹೋದರೆ "ಬರದ ಇಡು" ಎನ್ನುತ್ತಾರೆ. ನಮ್ಮಜ್ಜಿ ಹೋದರೆ ಅಂಗಡಿಯವನೇ "ಅಮ್ಮಾರ, ನಿಮ್ಮದು ಇನ್ನಾ ನಲವತ್ತು ನನ್ನ ಕಡೆ ಉಳದೈತ್ರಿ, ಏನರ ಒಯ್ರಿ" ಎಂದು ಗೋಗರೆಯುತ್ತಾನೆ. ಒಮ್ಮೆ ಸಿಂಧನೂರು ಬಸ್ಸಿನ ಕಂಡಕ್ಟರಿಗೂ ಮುಂದಿನ ಸಲದ ಟಿಕೆಟ್ಟಿನ ದುಡ್ಡು ಕೊಡಲು ಹೋಗಿದ್ದಳು. ಆತ ಕೈಮುಗಿದು ಹಿಂದಿನ ಬಾಗಿಲಿಗೆ ಓಡಿದ.

ಯಾಕೆ ಹೀಗೆ ಎಂದು ಅಪ್ಪ ಒಮ್ಮೆ ಕೇಳಿದ್ದಕ್ಕೆ ಅಜ್ಜಿ ಹೇಳಿದ್ದು ಇಷ್ಟೇ: "ರೊಕ್ಕ ಮೊದಲ ಕೊಟ್ಟಿದ್ರ ಅಂಗಡ್ಯಾಂವ ನನ್ನ ಮಕ ನೋಡ್ತಾನಪ, ಕೈ ನೋಡಂಗಿಲ್ಲ."

ಎಂಟು ವರ್ಷದವನಾಗಿದ್ದಾಗ ನಾನು ಈ ತತ್ವದಿಂದ ಬಹಳ ಲಾಭ ಪಡೆದೆ. ಮೂಲೆಮನೆಯ ಕಿರಾಣಿ ಅಂಗಡಿಯಲ್ಲಿ ನನ್ನ ಪೆಪ್ಪರಮಿಂಟಿಗೆಂದು ಅಜ್ಜಿ ಹತ್ತು ರೂಪಾಯಿ ಇಟ್ಟಿದ್ದಳು. ದಿನಕ್ಕೆ ಒಂದು ಎಂದು ಕಟ್ಟಪ್ಪಣೆ. ನಾನು ಅಂಗಡಿಯ ಪಕ್ಕದ ಗೋಡೆಯ ಮರೆಯಲ್ಲಿ ನಿಂತು ಅಜ್ಜಿಯ ದನಿಯಲ್ಲಿ, "ಇವತ್ತು ಹುಡುಗಗ ಮೂರು ಕೊಡಪಾ, ಅಳಾಕತ್ತಾನ" ಎನ್ನುತ್ತಿದ್ದೆ. ಮರುಕ್ಷಣ ಗೋಡೆಯ ಈಚೆ ಬಂದು ಅಳುವ ಮುಖ ಮಾಡಿ ಕೈ ಚಾಚುತ್ತಿದ್ದೆ. ವಾರದಲ್ಲಿ ಹತ್ತು ರೂಪಾಯಿ ಕರಗಿತು. ಅಂಗಡಿಯವನು ದೂರು ಒಯ್ದಾಗ ಅಜ್ಜಿ ನನ್ನನ್ನು ಕರೆಸಿ, "ಮಾಡಿ ತೋರಸು" ಎಂದಳು. ಮಾಡಿ ತೋರಿಸಿದೆ. ಆಕೆ ನಕ್ಕ ನಗುವಿಗೆ ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಂತು. ಅಂಗಡಿಯವನಿಗೆ ಇನ್ನೊಂದು ಹತ್ತರ ನೋಟು ಹೋಯಿತು. ಅವತ್ತಿನಿಂದ ನಾನು ಕಲಾವಿದ.

ಹೀಗಿದ್ದ ಅಜ್ಜಿಗೆ ಎರಡು ವರ್ಷದ ಹಿಂದೆ ನನ್ನ ಹೊಸ ಕ್ರೆಡಿಟ್ ಕಾರ್ಡನ್ನು ತೋರಿಸಿದ್ದು ನನ್ನದೇ ತಪ್ಪು. ಅಷ್ಟರಲ್ಲಿ ಆಕೆಯ ಕಿವಿ ಬಹಳ ಮಂದವಾಗಿತ್ತು. ಎಡಗಿವಿಯ ಹತ್ತಿರ ಹೋಗಿ ಓಣಿಗೆಲ್ಲ ಕೇಳುವ ಹಾಗೆ ಕೂಗಬೇಕಿತ್ತು.

"ಅಂಗಡ್ಯಾಗ ಇದನ್ನ ತೋರಸಿದ್ರ ಸಾಮಾನು ಕೊಡ್ತಾರಬೇ!"

"ಇದರಾಗ ನೀ ಎಷ್ಟು ಇಟ್ಟೀದಿ?"

"ಏನೂ ಇಟ್ಟಿಲ್ಲ! ಇಪ್ಪತ್ತು ಸಾವಿರ ತನಕ ಬ್ಯಾಂಕ್ನವರೇ ಕೊಡ್ತಾರ! ಆಮ್ಯಾಲ ಕಟ್ಟೋದು!"

"ನೀ ಏನೂ ಕೊಡದ ಅವರು ಕೊಡ್ತಾರ?"

"ಹ್ಞೂಂ!"

ಅಜ್ಜಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅವರು ನಿನ್ನ ಏನಂತ ತಿಳಕೊಂಡಾರ?" ಎಂದಳು. ನಂತರ ಎಲೆ ಸಂಚಿ ಬಿಚ್ಚಿ, ನಾಲ್ಕು ಮಡಿಕೆಯ ಐನೂರರ ನೋಟು ತೆಗೆದು ನನ್ನ ಅಂಗೈಯಲ್ಲಿಟ್ಟಳು. "ಮೊದಲ ಇದನ್ನ ಒಳಗ ಹಾಕು. ಆಮ್ಯಾಲ ಏನ್ ಬೇಕಾದ್ರ ತಗೋ."

ಮರುದಿನ ಇದನ್ನು ಸ್ಟಾಫ್ ರೂಮಿನಲ್ಲಿ ಅಜ್ಜಿಯ ದನಿಯಲ್ಲೇ ಅಭಿನಯಿಸಿ ಎಲ್ಲರನ್ನೂ ನಗಿಸಿದೆ. ಐನೂರನ್ನು ಕಾರ್ಡಿಗೆ ಕಟ್ಟಿದ್ದೂ ನಗಿಸಲಿಕ್ಕೇ. ಆಮೇಲೆ ಬಂದದ್ದೇ ಆ ಅಡ್ಡಗೆರೆ. ಏನು ಹೇಳಲಿ, ಅದರ ರುಚಿ ಹತ್ತಿಬಿಟ್ಟಿತು. ಪ್ರತಿ ತಿಂಗಳು ಒಂದಿಷ್ಟು ಹೆಚ್ಚಿಗೆ ಕಟ್ಟುವುದು, ಮೈನಸ್ ಬಂದಿದೆಯೇ ಎಂದು ನೋಡುವುದು, ಬ್ಯಾಂಕಿನ ಮುಂದೆ ಹಾಯುವಾಗ ಸಾಲ ಕೊಟ್ಟ ಧಣಿಯಂತೆ ಒಂದು ನೋಟ ಬಿಟ್ಟು ಮುಂದೆ ಹೋಗುವುದು. ಅಜ್ಜಿಯನ್ನು ಅಣಕಿಸಲು ಹೋಗಿ ನಾನೇ ಅಜ್ಜಿಯಾದೆ. ನಮ್ಮ ಕಸುಬಿನಲ್ಲಿ ಇದೊಂದು ಅಪಾಯ.

ಈಗ ಕಿವಿಯ ವಿಷಯ.

ಅಜ್ಜಿಯ ಕಿವಿ ಒಂದೇ ಸಲಕ್ಕೆ ಹೋದದ್ದಲ್ಲ. ಮೊದಲು ಗಡಿಯಾರದ ಸದ್ದು ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ನಾವು. ತನ್ನ ಮಾತು ತನಗೇ ಕೇಳದೆ ಆಕೆಯೂ ಕೂಗಿಯೇ ಮಾತಾಡತೊಡಗಿದಳು. ಆದರೂ ನನ್ನ ಆಟಕ್ಕೆ ಮಾತ್ರ ಆಕೆ ಎಂದೂ ತಪ್ಪಿಸಿಕೊಂಡವಳಲ್ಲ. ಸಂಜೆ ನಾನು ಶಾಲೆಯಿಂದ ಬಂದು ಹೆಡ್‌ಮಾಸ್ತರನ್ನು ಶುರು ಮಾಡಿದರೆ ಎದುರಿಗೆ ಕೂತು ನನ್ನ ಹುಬ್ಬು, ಗದ್ದ, ಕುತ್ತಿಗೆಯ ನರ ನೋಡಿಯೇ ನಗುತ್ತಿದ್ದಳು. ದನಿ ಕದಿಯುವವನಿಗೆ ದನಿ ಕೇಳದ ಪ್ರೇಕ್ಷಕಿ! ಒಂದು ದಿನ ಗಂಟಲು ಕೆಟ್ಟು ಬರೀ ತುಟಿ ಆಡಿಸಿದೆ. ಆಕೆ ಅಷ್ಟೇ ನಕ್ಕಳು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಸಿಂಧನೂರಿನಲ್ಲಿ ಒಂದು ಕಿವಿಯಂತ್ರದ ಅಂಗಡಿಯವರು ಎರಡು ಭಾನುವಾರ ಶಿಬಿರ ಇಟ್ಟಿದ್ದಾರೆಂದು ಗೊತ್ತಾದಾಗ ಕರೆದುಕೊಂಡು ಹೋದೆ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಅಜ್ಜಿಯನ್ನು ಕೂರಿಸಿ ತಲೆಗೆ ಹೆಡ್‌ಫೋನ್ ಹಾಕಿ, "ಬೀಪ್ ಕೇಳಿದಾಗ ಕೈ ಎತ್ರಿ ಅಮ್ಮಾ" ಎಂದು ಸನ್ನೆ ಮಾಡಿ ತೋರಿಸಿದರು. ಅಜ್ಜಿ ಶಾಲೆಯ ಮೊದಲ ಬೆಂಚಿನ ಹುಡುಗಿಯಂತೆ ಪಟಪಟ ಕೈ ಎತ್ತಿದಳು. ಪರೀಕ್ಷೆ ಮಾಡುತ್ತಿದ್ದ ಸುಜಾತಾ ಎಂಬ ಹುಡುಗಿ ಬೆರಗಾಗಿ ಹೊರಗೆ ಬಂದಳು. "ನಾನು ಇನ್ನೂ ಶುರು ಮಾಡೇ ಇಲ್ರಿ" ಎಂದಳು.

ನಾನು ಎಡಗಿವಿಗೆ ಬಾಯಿಟ್ಟು ಕೂಗಿದೆ: "ಕೇಳಸಲಾರದ ಯಾಕ ಎತ್ತಿದಿಬೇ?"

"ಪಾಪ, ಆ ಹುಡುಗಿ ಕಾಯಾಕತ್ತಿತ್ತು. ಅದಕ್ಕ ಎತ್ತಿದೆ."

ಎರಡನೆಯ ಸಲ ಸರಿಯಾಗಿ ಪರೀಕ್ಷೆಯಾಯಿತು. ಎರಡೂ ಕಿವಿಗೆ ಯಂತ್ರ ಬೇಕು, ಹಾಕಿದರೆ ಚೆನ್ನಾಗಿ ಕೇಳುತ್ತದೆ, ಬೆಲೆ ನಲವತ್ನಾಲ್ಕು ಸಾವಿರ. ಮನೆಯಲ್ಲಿ ಕೂಡಿಸಿದರೆ ಅಜ್ಜಿ ಎಮ್ಮೆಯ ಹಾಲು ಮಾರಿ ಇಟ್ಟಿದ್ದ ಇಪ್ಪತ್ತು, ನನ್ನ ಹತ್ತು, ಅಪ್ಪನ ಎಂಟು. ಮೂವತ್ತೆಂಟಕ್ಕೆ ಬಂದು ನಿಂತಿತು. ಆದರೆ ಶಿಬಿರದ ಬ್ಯಾನರಿನ ಕೆಳಗಡೆ ಸಣ್ಣ ಅಕ್ಷರದಲ್ಲಿ ಒಂದು ಮಾತಿತ್ತು. ನನ್ನ ಬ್ಯಾಂಕಿನ ಕ್ರೆಡಿಟ್ ಕಾರ್ಡಿನಿಂದ ಒಂದೇ ಸಲಕ್ಕೆ ಕಟ್ಟಿದರೆ ಆರು ಸಾವಿರ ಕಡಿಮೆ! ಕೊನೆಯ ದಿನ ಬರುವ ಭಾನುವಾರ, ಸಂಜೆ ಆರು ಗಂಟೆ.

ನಲವತ್ನಾಲ್ಕರಲ್ಲಿ ಆರು ಹೋದರೆ ಮೂವತ್ತೆಂಟು. ಬರೋಬ್ಬರಿ! ನಾನು ಮೌಲಾನ ಅಂಗಡಿಯಲ್ಲಿ ಕುಣಿದೇಬಿಟ್ಟೆ.

"ಕುಣೀಬ್ಯಾಡ ಲೇ. ನಿನ್ನ ಕಾರ್ಡಿನ ಮಿತಿ ಇಪ್ಪತ್ತು ಸಾವಿರ. ಮೂವತ್ತೆಂಟು ಹ್ಯಾಂಗ ಹೋಗ್ತೈತಿ?" ಎಂದ ಮೌಲಾ.

"ಮೊದಲ ಒಳಗ ಹಾಕಿದ್ರ? ನಮ್ಮಮ್ಮನ ಪದ್ಧತಿ! ಹಾಕಿದ್ದಷ್ಟೂ ಮಿತಿ ಮ್ಯಾಲ ಕೂಡ್ತೈತಿ, ಹೌದಲ್ಲೋ?"

ಮೌಲಾ ಸ್ಕ್ರೂ ಡ್ರೈವರಿನಿಂದ ತಲೆ ಕೆರೆದುಕೊಂಡ. "ಕೂಡೇನೋ ಕೂಡ್ತೈತಿ. ಆದ್ರ ಹದಿನೆಂಟು ಹಾಕಿದ್ರ ಸಾಕಲ್ಲ. ಉಳದದ್ದು ಮಿತಿಯಾಗ ಹೋಗ್ತೈತಿ."

ಅವನ ಲೆಕ್ಕ ಸರಿಯಾಗಿತ್ತು. ಆದರೆ ಅಜ್ಜಿ ಒಪ್ಪಬೇಕಲ್ಲ! ಕಿವಿಗೆ ಹಾಕಿಕೊಳ್ಳುವ ಸಾಮಾನಿನಲ್ಲಿ ಒಂದು ರೂಪಾಯಿಯೂ ಮಂದಿಯದು ಇರಬಾರದು ಎಂದು ಹಟ ಹಿಡಿದಳು. ಶುಕ್ರವಾರ ಮೂವತ್ತೆಂಟಕ್ಕೆ ಮೂವತ್ತೆಂಟನ್ನೂ ಕಾರ್ಡಿನೊಳಗೆ ಹಾಕಿದೆ. ಬಳಸಬಹುದಾದ ಮೊತ್ತ ಐವತ್ತೆಂಟು ಸಾವಿರದ ಚಿಲ್ಲರೆ ಎಂದು ಮೆಸೇಜು ಬಂತು. ಹಳೆಯ ಚಿಲ್ಲರೆ ನನ್ನದು. ಅದನ್ನು ಅಜ್ಜಿಗೆ ತೋರಿಸಿದೆ, ಅಪ್ಪನಿಗೆ ತೋರಿಸಿದೆ, ಎಮ್ಮೆಗೊಂದು ತೋರಿಸಲಿಲ್ಲ.

ಶನಿವಾರ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಜೇನು ಸವರಿದಂಥ ಹೆಣ್ಣು ದನಿ.

"ನಮಸ್ಕಾರ. ನಾನು ನಿಮ್ಮ ಬ್ಯಾಂಕಿನ ಕಾರ್ಡ್ ವಿಭಾಗದಿಂದ ಮಾತಾಡ್ತಾ ಇದ್ದೀನಿ. ಶರಣಬಸವ ಅವರಾ?"

ಇಲ್ಲಿ ಒಂದು ಹಳೆಯ ಪಾಪವನ್ನು ಒಪ್ಪಿಕೊಳ್ಳಬೇಕು. ಹಿಂದಿನ ತಿಂಗಳು ನಾನು ಇದೇ ದನಿಯಲ್ಲಿ ಮೌಲಾನಿಗೆ ಫೋನು ಮಾಡಿ, "ಸರ್, ನಿಮ್ಮ ಖಾತೆಯ ಸುರಕ್ಷತೆಗಾಗಿ ಇಪ್ಪತ್ತರಿಂದ ಒಂದರವರೆಗೆ ಹಿಂದಕ್ಕೆ ಎಣಿಸಿ" ಎಂದು ಹೇಳಿದ್ದೆ. ಆತ ಗಿರಾಕಿಗಳ ಎದುರು ಪೂರ್ತಿ ಎಣಿಸಿದ್ದ. ತೀರಿಸಿಕೊಳ್ಳದೆ ಬಿಡುವುದಿಲ್ಲ ಎಂದು ಆಣೆ ಮಾಡಿದ್ದ. ಕಾರ್ಡಿಗೆ ದುಡ್ಡು ಹಾಕುವ ವಿಷಯ ಮನೆಯವರನ್ನು ಬಿಟ್ಟರೆ ಅವನೊಬ್ಬನಿಗೇ ಗೊತ್ತು. ಹೀಗಾಗಿ ಇದು ಅವನೇ, ಯಾರೋ ಹುಡುಗಿಯಿಂದ ಮಾಡಿಸುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಸ್ಪೀಕರ್ ಹಾಕಿ, ಅದೇ ಜೇನು ದನಿಯಲ್ಲಿ ಶುರು ಮಾಡಿದೆ.

"ನಮಸ್ಕಾರ ಮೇಡಂ. ಶರಣಬಸವ ಅವರು ಸ್ನಾನಕ್ಕೆ ಹೋಗಿದ್ದಾರೆ. ನಾನು ಅವರ ಸ್ನಾನ ವಿಭಾಗದಿಂದ ಮಾತಾಡ್ತಾ ಇದ್ದೀನಿ."

ಪಕ್ಕದಲ್ಲಿ ಕೂತಿದ್ದ ಹಿಂದಿ ಟೀಚರ್ ಬಾಯಲ್ಲಿದ್ದ ಉಪ್ಪಿಟ್ಟು ಹೊರಗೆ ಬಂತು. ಆ ಕಡೆಯ ದನಿ ಮುಂದುವರಿಸಿತು.

"ಮೇಡಂ, ಅವರ ಕಾರ್ಡಿಗೆ ಮಿತಿಗಿಂತ ಹೆಚ್ಚು ಹಣ ಬಂದಿದೆ. ಅವರೇ ಕಟ್ಟಿದ್ದಾರಾ ಅಂತ ಖಚಿತ ಮಾಡ್ಕೋಬೇಕಿತ್ತು."

"ನಿಮ್ಮ ಕರೆ ನಮಗೆ ಬಹಳ ಮುಖ್ಯ. ದಯವಿಟ್ಟು ಲೈನಿನಲ್ಲೇ ಇರಿ" ಎಂದು ಹೇಳಿ, ಫೋನಿನಲ್ಲಿ ಕಾಯಿಸುವಾಗ ಬರುವ ಟಿಣಿ ಟಿಣಿ ಸಂಗೀತವನ್ನು ಮೂಗಿನಿಂದ ಒಂದು ನಿಮಿಷ ನುಡಿಸಿದೆ. ಫೋನು ಕಟ್ಟಾಯಿತು. ಸ್ಟಾಫ್ ರೂಮು ಬಿದ್ದು ಬಿದ್ದು ನಕ್ಕಿತು. ನನ್ನ ಜೀವನದ ಶ್ರೇಷ್ಠ ಪ್ರದರ್ಶನ ಅದೇ ಎಂದು ನಾನೇ ನನಗೆ ಹೇಳಿಕೊಂಡೆ.

ಭಾನುವಾರ ಮಧ್ಯಾಹ್ನದ ಬಸ್ಸಿಗೆ ಅಜ್ಜಿ ಇಳಕಲ್ ಸೀರೆ ಉಟ್ಟು ಹೊರಟಳು. ಸಿಂಧನೂರು ಮುಟ್ಟಿ, ಬಿಸಿಲಲ್ಲಿ ನಡೆದು ಅಂಗಡಿ ಸೇರುವಾಗ ನಾಲ್ಕು ಗಂಟೆ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ಯಂತ್ರ ಹಾಕಿದ ಮೇಲೆ ಅಜ್ಜಿ ಕೇಳುವ ಮೊದಲ ದನಿ ಯಾವುದಿರಬೇಕು? ಹೆಡ್‌ಮಾಸ್ತರದೋ? ಹಿಟ್ಟಿನ ಗಿರಣಿಯ ಬೆಲ್ಟಿನದೋ? ಬಹಳ ವಿಚಾರ ಮಾಡಿ ಹೆಡ್‌ಮಾಸ್ತರನ್ನೇ ಆರಿಸಿ ಗಂಟಲು ಹದ ಮಾಡಿಕೊಂಡೆ.

ಸುಜಾತಾ ಬೀಜದಷ್ಟು ಚಿಕ್ಕ ಯಂತ್ರಗಳನ್ನು ಎರಡೂ ಕಿವಿಗೆ ಕೂರಿಸಿ, ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ಅಜ್ಜಿ ಬೆಚ್ಚಿ ಕಣ್ಣರಳಿಸಿದಳು. ನಾನು ಬಾಯಿ ತೆರೆದೆ. ಅಜ್ಜಿ ನನ್ನತ್ತ ನೋಡದೆ, "ಸ್ಸು!" ಎಂದು ಬೆರಳೆತ್ತಿದಳು. ನಿಧಾನಕ್ಕೆ ತನ್ನ ಬಲಗೈ ಅಲ್ಲಾಡಿಸಿದಳು. ಇನ್ನೊಮ್ಮೆ ಅಲ್ಲಾಡಿಸಿದಳು.

"ಬಳಿ!" ಎಂದಳು. "ಬಳಿ ಸಪ್ಪಳ ಮಾಡ್ತಾವಲೇ!"

ನನ್ನ ಹೆಡ್‌ಮಾಸ್ತರರು ಗಂಟಲಲ್ಲೇ ಉಳಿದರು. ಸುಜಾತಾ ನಗುತ್ತಾ ಕಾರ್ಡು ಇಸಿದುಕೊಂಡು ದುಡ್ಡು ಕಟ್ಟುವ ಯಂತ್ರಕ್ಕೆ ಹಾಕಿದಳು. ನಾನು ಗುಪ್ತಸಂಖ್ಯೆ ಒತ್ತಿದೆ. ಯಂತ್ರ ಉದ್ದಕ್ಕೆ ಬೀಪ್ ಎಂದಿತು.

ಅಜ್ಜಿ ಖುಷಿಯಿಂದ ಕೈ ಎತ್ತಿದಳು.

ಆದರೆ ಅದು ಒಳ್ಳೆಯ ಬೀಪ್ ಆಗಿರಲಿಲ್ಲ. ಸುಜಾತಾ ಮತ್ತೆ ಹಾಕಿದಳು. ಮತ್ತೆ ಬೀಪ್. ಅಜ್ಜಿ ಮತ್ತೆ ಕೈ ಎತ್ತಿದಳು. ನನ್ನ ಮೊಬೈಲಿಗೆ ಮೆಸೇಜು ಬಂತು: ಭದ್ರತೆಯ ಕಾರಣಕ್ಕೆ ನಿಮ್ಮ ಕಾರ್ಡನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ.

ಮೌಲಾನಿಗೆ ಫೋನು ಹಚ್ಚಿದೆ. "ಲೇ, ನಿನ್ನಿ ನನಗ ಬ್ಯಾಂಕಿನಾಕಿ ದನಿಯಾಗ ಫೋನ್ ಮಾಡಿಸಿದ್ದಿ ಹೌದಿಲ್ಲೋ?"

"ನಾನಾ? ನಾ ಮೊನ್ನಿಯಿಂದ ಸಾಲಗುಂದದಾಗ ಅತ್ತಿ ಮನ್ಯಾಗ ಬಿರಿಯಾನಿ ತಿನ್ನಾಕತ್ತೀನಿ. ನಿನ್ನ ನೆನಪ್ಯಾಕ ಬರ್ತೈತಿ?"

ಅಂದರೆ ಆ ಫೋನು ನಿಜವಾಗಿಯೂ ಬ್ಯಾಂಕಿನದೇ! ಮೂರು ಮಂದಿಯ ದುಡ್ಡು, ಅದರಲ್ಲಿ ಎಮ್ಮೆಯ ಹಾಲಿನದೇ ಇಪ್ಪತ್ತು ಸಾವಿರ, ಆ ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಕೊಂಡಿದೆ. ಬೇರೆ ದುಡ್ಡಿಲ್ಲ. ಆರು ಗಂಟೆಗೆ ರಿಯಾಯಿತಿ ಮುಗಿಯುತ್ತದೆ. ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು. ನಾನು ಸುಜಾತಾಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದೆ:

"ಕಾರ್ಡ್ ಬಂದ್ ಆಗೈತ್ರಿ. ನಮ್ಮಮ್ಮಗ ಹೇಳಬ್ಯಾಡ್ರಿ."

"ನನಗ ಕೇಳಸಾಕತ್ತೈತಿ" ಎಂದಳು ಅಜ್ಜಿ, ಕುರ್ಚಿಯ ಮೇಲಿನಿಂದ.

ಆರೇಳು ವರ್ಷ ನಾವು ಮನೆಯವರೆಲ್ಲ ಆಕೆಯ ಎದುರಿಗೇ ಏನೇನು ಪಿಸುಗುಟ್ಟಿಲ್ಲ! ಆ ಕಾಲ ಮುಗಿದಿತ್ತು.

"ರೊಕ್ಕ ಹೋತೇನು?"

"ಹೋಗಿಲ್ಲಬೇ. ಒಳಗ ಐತಿ. ಬಾಗ್ಲಾ ಹಾಕ್ಯಾರ."

"ಯಾಕ ಹಾಕ್ಯಾರ?"

ಸತ್ಯ ಹೇಳಬೇಕಾಯಿತು. ಅಜ್ಜಿ ನಗಲಿಲ್ಲ. ಎರಡೂ ಕೈ ಕಿವಿಯ ಹತ್ತಿರ ಒಯ್ದು, ಯಂತ್ರ ತೆಗೆಯಲು ತಡಕಾಡಿದಳು. "ರೊಕ್ಕ ಕೊಡಲಾರದ ಸಾಮಾನು ಮೈಮ್ಯಾಲ ಇಟಗೊಂಡು ಕೂಡಬಾರದು. ತಗೀವಾ ಇವನ್ನ" ಎಂದಳು. ಸುಜಾತಾ ಆಕೆಯ ಕೈ ಹಿಡಿದಳು. "ಆರರ ತನಕ ಇರಲ್ರೀ ಅಮ್ಮಾ. ತೆಗದ್ರ ಸೆಟ್ಟಿಂಗು ಮತ್ತ ಮೊದಲಿಂದ ಮಾಡಬೇಕಾಗ್ತದ." ಅದು ಸುಳ್ಳೆಂದು ಆಕೆಯ ಮುಖವೇ ಹೇಳುತ್ತಿತ್ತು. ಅಜ್ಜಿ ಕೈ ಇಳಿಸಿದಳು, ಆದರೆ ಮತ್ತೆ ಬಳೆ ಅಲ್ಲಾಡಿಸಲಿಲ್ಲ. ತನ್ನದಾಗದ ಸಪ್ಪಳವನ್ನು ಖರ್ಚು ಮಾಡಬಾರದು ಎನ್ನುವ ಹಾಗೆ ಕೈಕಟ್ಟಿ ಕೂತಳು.

ಗ್ರಾಹಕ ಸೇವೆಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ಟಿಣಿ ಟಿಣಿ ಸಂಗೀತ ಬಂತು, ಅಸಲಿಯದು. ಇಪ್ಪತ್ತು ನಿಮಿಷ. ನಾನು ನುಡಿಸಿದ್ದರಲ್ಲಿ ಒಂದು ಸ್ವರ ತಪ್ಪಿತ್ತೆಂದು ಆಗ ಗೊತ್ತಾಯಿತು. ಕೊನೆಗೆ ಒಬ್ಬ ಅಧಿಕಾರಿ ಸಿಕ್ಕರು. ಹುಟ್ಟಿದ ದಿನ, ತಾಯಿಯ ಹೆಸರು, ಹಿಂದಿನ ಖರೀದಿ ಎಲ್ಲ ಕೇಳಿದರು. ಎಲ್ಲ ಸರಿಯಾಯಿತು.

"ಸರ್, ಇಪ್ಪತ್ತು ಸಾವಿರ ಮಿತಿಯ ಕಾರ್ಡಿಗೆ ಮೂವತ್ತೆಂಟು ಸಾವಿರ ಯಾಕೆ ಕಟ್ಟಿದ್ರಿ? ನಿಮ್ಮದೇನೂ ಬಾಕಿ ಇರಲಿಲ್ಲವಲ್ಲ."

ನಾನು ಉತ್ತರ ಹುಡುಕುವಷ್ಟರಲ್ಲಿ ಅಜ್ಜಿ ಕುರ್ಚಿಯಿಂದ ಎದ್ದು ಫೋನಿನ ಹತ್ತಿರ ಬಂದಳು. ಎಷ್ಟೋ ವರ್ಷದ ಮೇಲೆ ಫೋನಿನ ಮಾತು ಆಕೆಯ ಕಿವಿಗೆ ಬಿದ್ದಿತ್ತು.

"ಮೊದಲ ಕೊಟ್ರ ತಪ್ಪೇನ್ರಿ ಸಾಹೇಬ್ರ?"

ಅಧಿಕಾರಿಯ ದನಿ ಮೆತ್ತಗಾಯಿತು. "ತಪ್ಪಲ್ಲ ಅಜ್ಜಿ. ನಮಗೆ ಅಭ್ಯಾಸ ಇಲ್ಲ, ಅಷ್ಟೇ." ಮತ್ತೆ ನನಗೆ: "ಸರ್, ಒಂದೇ ಒಂದು ವಿಷಯ. ನಿನ್ನೆ ನಾವು ಕರೆ ಮಾಡಿದಾಗ ನಿಮ್ಮ ಫೋನನ್ನು ಒಬ್ಬ ಮಹಿಳೆ ತೆಗೆದುಕೊಂಡು, ಮಾಹಿತಿ ಕೊಡೋಕೆ ನಿರಾಕರಿಸಿದ್ದಾರೆ ಅಂತ ದಾಖಲಾಗಿದೆ. ಫೋನು ಬೇರೆಯವರ ಕೈಯಲ್ಲಿದ್ದರೆ ತಡೆ ತೆಗೆಯೋ ಹಾಗಿಲ್ಲ. ಅವರು ಯಾರು?"

"ನಾನೇ ಸರ್."

"ಮಹಿಳೆ ಅಂತ ಇದೆ ಸರ್."

"ನಾನೇ ಆ ಮಹಿಳೆ ಸರ್."

ಅಂಗಡಿಯಲ್ಲಿ ಕಾಯುತ್ತಿದ್ದ ನಾಲ್ಕೈದು ಮಂದಿ, ಕಿವಿ ಕೇಳದವರೂ ಸೇರಿ, ನನ್ನ ಕಡೆ ತಿರುಗಿದರು.

"ಹಾಗಾದ್ರೆ ಒಂದು ಸಲ ಆ ಥರ ಮಾತಾಡ್ತೀರಾ?"

ಎಲ್ಲೆಂದರಲ್ಲಿ, ಯಾರೂ ಕೇಳದಿದ್ದರೂ ಮಾಡುವವನು ನಾನು. ಅವತ್ತು ಕೇಳಿದರು, ದನಿ ಬರಲಿಲ್ಲ. ಮೊದಲ ಯತ್ನಕ್ಕೆ ಬಂದದ್ದು ನೆಗಡಿಯಾದ ಮೇಕೆಯ ದನಿ. ಎರಡನೆಯದಕ್ಕೆ ಹೆಡ್‌ಮಾಸ್ತರರು ಹೊರಬಿದ್ದರು, ಬೇಡದ ಹೊತ್ತಿನಲ್ಲಿ. ಬೆವರು ಒರೆಸಿಕೊಂಡೆ. ಅಜ್ಜಿ ನನ್ನ ಮುಖವನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದಳು. ನನ್ನ ಹುಬ್ಬು, ಗದ್ದ ಯಾವುದೂ ಇನ್ನು ನನ್ನ ಸಹಾಯಕ್ಕೆ ಬರುವ ಹಾಗಿರಲಿಲ್ಲ.

"ನಮಸ್ಕಾರ ಮೇಡಂ" ಎಂದೆ. ಜೇನು ಬಂತು! "ಶರಣಬಸವ ಅವರು ಸ್ನಾನಕ್ಕೆ ಹೋಗಿದ್ದಾರೆ. ನಾನು ಅವರ ಸ್ನಾನ ವಿಭಾಗದಿಂದ ಮಾತಾಡ್ತಾ ಇದ್ದೀನಿ."

ಆ ಕಡೆ ಏನೋ ಉರುಳಿದ ಸದ್ದು. ಯಾರನ್ನೋ ಕರೆದರು. ಒಂದು ಹೆಣ್ಣು ದನಿ, ನಿನ್ನೆಯದೇ, ಹತ್ತಿರ ಬಂದು ಕೇಳಿತು: "ಸರ್, ಆ ಹೋಲ್ಡ್ ಮ್ಯೂಸಿಕ್ಕೂ ನೀವೇನಾ?"

"ಹೌದು ಮೇಡಂ. ಕ್ಷಮಿಸಿ. ಒಂದು ಸ್ವರ ತಪ್ಪಿತ್ತು."

"ನಾನು ನಿಜವಾಗಿ ಒಂದು ನಿಮಿಷ ಕಾದೆ ಸರ್" ಎಂದಳು ಆಕೆ. ಬೈಗುಳಕ್ಕಿಂತ ಅದು ಚುಚ್ಚಿತು. ಆಮೇಲೆ ನಕ್ಕಳು. ಹಿಂದಿನಿಂದ ಇನ್ನೂ ನಾಲ್ಕು ಮಂದಿ ನಕ್ಕರು. ಐದೂ ಮುಕ್ಕಾಲಿಗೆ ತಡೆ ತೆರವಾಯಿತು. ಸುಜಾತಾ ಕಾರ್ಡು ಹಾಕಿದಳು. ಈ ಸಲ ಬೀಪ್ ಸಣ್ಣಗೆ ಬಂತು, ಹಿಂದೆಯೇ ಕಾಗದ ಹೊರಬರುವ ಸರಸರ ಸದ್ದು. ಅಜ್ಜಿ ಕೈ ಎತ್ತಿದಳು. ಸುಜಾತಾಳೂ ಎತ್ತಿದಳು. ಕಾಯುತ್ತಾ ಕೂತಿದ್ದ ಒಬ್ಬ ಯಜಮಾನರು ಏನೆಂದು ಗೊತ್ತಿಲ್ಲದೆಯೇ ಎತ್ತಿದರು.

ಮಸ್ಕಿ ಬಸ್ಸಿನಲ್ಲಿ ಅಜ್ಜಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಾಲುವೆ ದಾಟುವಾಗ ನೀರಿನ ಸದ್ದಿಗೆ ಕಿವಿಗೊಟ್ಟಳು, ಕಂಡಕ್ಟರನ ಸೀಟಿಗೆ ಬೆಚ್ಚಿದಳು, ಕಿಟಕಿಯ ಗಾಜು ಗಡಗಡ ಎನ್ನುವುದನ್ನು ಕೈಯಿಂದ ಹಿಡಿದು ನಿಲ್ಲಿಸಿ, ಮತ್ತೆ ಬಿಟ್ಟು ಕೇಳಿದಳು. ನಾನು ತಡೆಯಲಾರದೆ ಹೆಡ್‌ಮಾಸ್ತರನ್ನು ಮಾಡಿ ತೋರಿಸಿದೆ. ಅಜ್ಜಿ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

"ಇದಕ್ಕೇನು ನಾ ಇಷ್ಟು ದಿನ ನಕ್ಕಿದ್ದು?"

"ಚಂದ ಇಲ್ಲೇನು?"

"ನಿನ್ನ ಮಕ ಚಂದಿತ್ತು" ಎಂದಳು ಅಜ್ಜಿ. ಹಿಂದಿನ ಸೀಟಿನವರು ನಕ್ಕರು. ನನಗೆ ಅವಮಾನವೂ ಆಯಿತು, ಖುಷಿಯೂ ಆಯಿತು. ಸೇಡು ತೀರಿಸಿಕೊಳ್ಳಲು ಆಕೆಯನ್ನೇ ಎತ್ತಿಕೊಂಡೆ. ಈಗಿನ ಆಕೆಯ ದನಿ, ವಯಸ್ಸಾಗಿ ಸ್ವಲ್ಪ ಒಡೆದದ್ದು, ಮಾತಿನ ಕೊನೆಗೆ ಮೇಲೆದ್ದು ನಿಲ್ಲುವಂಥದು: "ರೊಕ್ಕ ಕೊಡಲಾರದ ಸಾಮಾನು ಮೈಮ್ಯಾಲ ಇಟಗೊಂಡು ಕೂಡಬಾರದು, ತಗೀವಾ ಇವನ್ನ!"

ಅಜ್ಜಿ ಥಟ್ಟನೆ ನನ್ನ ಮೊಣಕೈ ಹಿಡಿದಳು.

"ಇದ್ಯಾರ ದನಿ?"

"ನಿಂದಬೇ. ಮತ್ತ್ಯಾರದು?"

"ನಂದಲ್ಲ." ಆಕೆ ನನ್ನ ಬಾಯನ್ನೇ ನೋಡುತ್ತಿದ್ದಳು. "ಇದು ನಮ್ಮವ್ವನ ದನಿ."

ಅಜ್ಜಿಯ ತವರು ಪಾಮನಕಲ್ಲೂರಿನ ಆ ಮುತ್ತಜ್ಜಿ ಸತ್ತದ್ದು ನಾನು ಹುಟ್ಟುವುದಕ್ಕಿಂತ ಎಷ್ಟೋ ಮೊದಲು. ಆಕೆಯ ಒಂದು ಫೋಟೋ ಸಹ ಮನೆಯಲ್ಲಿಲ್ಲ. ಅಜ್ಜಿ ತನ್ನ ದನಿಯನ್ನು ತಾನು ಕೇಳಿ ಆರೇಳು ವರ್ಷವಾಗಿತ್ತು. ಅಷ್ಟರಲ್ಲಿ ಅದು ಆಕೆಗೆ ಹೇಳದೆ ಕೇಳದೆ ವಯಸ್ಸಾಗಿ, ಆಕೆಯ ಅವ್ವನ ದನಿಗೆ ಹೋಗಿ ಮುಟ್ಟಿತ್ತು.

"ನೀ ಆಕೀನ್ನ ನೋಡೇ ಇಲ್ಲ. ಎಲ್ಲಿ ಕಲತಿ?"

"ನಿನ್ನ ಕಡೇನ."

ಬಸ್ಸು ಎಲ್ಲಿಯೋ ನಿಂತು ಇಬ್ಬರನ್ನು ಹತ್ತಿಸಿಕೊಂಡು ಹೊರಟಿತು. ಅಜ್ಜಿ ಹೊರಗೆ ನೋಡಿದಳು, ಒಳಗೆ ನೋಡಿದಳು. ಸೆರಗನ್ನು ಸರಿ ಮಾಡಿಕೊಂಡಳು. ನಂತರ, ಬಸ್ಸಿನ ಗದ್ದಲದಲ್ಲಿ ನನಗಷ್ಟೇ ಕೇಳುವಷ್ಟು ಸಣ್ಣಗೆ, ಆರೇಳು ವರ್ಷದಲ್ಲಿ ಮೊದಲ ಸಲ ಕೂಗದೆ, ಕೇಳಿದಳು:

"ಒಂದು ಸರತಿ ‘ಈರವ್ವಾ, ಉಂಡೇನು?’ ಅನ್ನು."

ನಾನು ಗಂಟಲು ಸರಿಮಾಡಿಕೊಂಡು, ಹುಬ್ಬು ಗಿಬ್ಬು ಏನೂ ಕುಣಿಸದೆ, ಹೇಳಿದೆ.

"ಈರವ್ವಾ, ಉಂಡೇನು?"

ಅಜ್ಜಿ ಕಣ್ಣು ಮುಚ್ಚಿಕೊಂಡಳು.

"ಉಂಡೀನಬೇ" ಎಂದಳು.